ಎಚ್ಚರಿಕೆ ದೀಪ ಉರಿದಾಗ ಕೆಟ್ಟಿರುವುದು ಸೆನ್ಸರೋ, ಎಂಜಿನ್ನೋ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನ ಎಂಜಿನ್ ಎಚ್ಚರಿಕೆ ದೀಪ ಉರಿಯುತ್ತಲೇ ಇದೆ. ಸ್ಕ್ಯಾನರ್ ಹಾಕಿ ನೋಡಿದವರು ಎಂಜಿನ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆಯೆಂದು ಹೇಳಿ ಹೊಸದನ್ನು ಅಳವಡಿಸಿದರು. ಒಂದು ವಾರದೊಳಗೆ ದೀಪ ಮತ್ತೆ ಹೊತ್ತಿಕೊಂಡಿತು. ಓಡಿಸುವಾಗ ವ್ಯತ್ಯಾಸವೇನೂ ಕಾಣುವುದಿಲ್ಲ. ದೋಷ ಸೆನ್ಸರಿನದೋ, ಎಂಜಿನ್ನಿನದೋ ಎಂಬುದನ್ನು ತಿಳಿಯುವುದು ಹೇಗೆ?

ಉತ್ತರ: ನಿಮಗೆ ಆಗಿರುವುದು ಬಹಳ ಮಂದಿಗೆ ಆಗುತ್ತದೆ. ಸ್ಕ್ಯಾನರ್ ತೋರಿಸುವ ಕೋಡ್ ಕೆಟ್ಟ ಭಾಗದ ಹೆಸರನ್ನು ಹೇಳುವುದಿಲ್ಲ. ಎಂಜಿನ್ನಿನ ನಿಯಂತ್ರಣ ಗಣಕವಾದ ಇಸಿಯು ಯಾವ ಅಸಹಜತೆಯನ್ನು ಗಮನಿಸಿತು ಎಂಬುದನ್ನಷ್ಟೇ ಹೇಳುತ್ತದೆ. ಉದಾಹರಣೆಗೆ, ಪಿ0135 ಎಂಬ ಕೋಡ್ ಎಂಜಿನ್ನಿಗೆ ಹತ್ತಿರವಿರುವ ಆಕ್ಸಿಜನ್ ಸೆನ್ಸರಿನೊಳಗಿನ ಹೀಟರ್ ಸರ್ಕ್ಯೂಟ್‌ನ ದೋಷವನ್ನು ಸೂಚಿಸುವುದರಿಂದ ಅಲ್ಲಿ ಸೆನ್ಸರ್, ಅದರ ಫ್ಯೂಸ್ ಮತ್ತು ವೈರಿಂಗನ್ನು ಶಂಕಿಸುವುದು ಸರಿ. ಆದರೆ ಪಿ0171 ಎಂದರೆ ಇಂಧನ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಾಗಿದೆ ಎಂದರ್ಥ. ಆಕ್ಸಿಜನ್ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೇ ಆ ಸಂಗತಿ ಗೊತ್ತಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಬದಲಿಸಿದರೆ ಹೊಸ ಸೆನ್ಸರ್ ಕೂಡ ಅದೇ ವರದಿಯನ್ನು ಕೊಡುತ್ತದೆ. ಆದ್ದರಿಂದ ಕೋಡ್‌ನ ಸಂಖ್ಯೆಯನ್ನೂ, ಅದರೊಂದಿಗೆ ದಾಖಲಾಗಿರುವ ಫ್ರೀಜ್ ಫ್ರೇಮ್ ಮಾಹಿತಿಯನ್ನೂ, ಅಂದರೆ ದೋಷ ಕಂಡ ಕ್ಷಣದಲ್ಲಿದ್ದ ವೇಗ, ಆರ್‌ಪಿಎಂ ಮತ್ತು ಎಂಜಿನ್ ತಾಪಮಾನವನ್ನೂ, ಮೊದಲು ಬರೆದಿಟ್ಟುಕೊಳ್ಳಿ. ಅದಕ್ಕೆ ಮುನ್ನ ಕೋಡ್ ಅಳಿಸಲು ಯಾರಿಗೂ ಬಿಡಬೇಡಿ, ಏಕೆಂದರೆ ಅದರೊಂದಿಗೆ ಈ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಪರೀಕ್ಷೆಗೆ ಇಳಿಯುವ ಮೊದಲು ಒಂದು ಮಾತನ್ನು ಹೇಳಲೇಬೇಕು. ಕೆಂಪು ಬಣ್ಣದ ಆಯಿಲ್ ಒತ್ತಡದ ದೀಪ, ಕೂಲಂಟ್ ತಾಪಮಾನದ ದೀಪ ಅಥವಾ ಬ್ರೇಕ್ ದೀಪ ಉರಿದಾಗ ‘ಸೆನ್ಸರ್ ಕೆಟ್ಟಿರಬೇಕು’ ಎಂದುಕೊಂಡು ಮುಂದೆ ಸಾಗುವುದು ಅಪಾಯಕರ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಆಯಿಲ್ ಮಟ್ಟ ಸರಿಯಿದ್ದರೂ ಮೆಕಾನಿಕಲ್ ಗೇಜ್‌ನಿಂದ ಒತ್ತಡವನ್ನು ಅಳೆಯುವವರೆಗೆ ಆ ದೀಪವನ್ನು ಸುಳ್ಳೆಂದು ಭಾವಿಸಬಾರದು. ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಸಾಮಾನ್ಯವಾಗಿ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಅದು ಮಿನುಗುತ್ತಿದ್ದರೆ ಮಾತ್ರ ಸಿಲಿಂಡರ್‌ನಲ್ಲಿ ಮಿಸ್‌ಫೈರ್ ಆಗಿ, ಅಂದರೆ ಇಂಧನ ಸರಿಯಾಗಿ ಹೊತ್ತಿಕೊಳ್ಳದೆ, ಸುಡದ ಇಂಧನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತಿದೆ ಎಂದು ತಿಳಿದು ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಬೇಕು.

ಸೆನ್ಸರನ್ನು ಪರೀಕ್ಷಿಸುವ ಅತ್ಯುತ್ತಮ ವಿಧಾನವೆಂದರೆ ಅದರ ಮಾತನ್ನು ಮತ್ತೊಂದು ಸ್ವತಂತ್ರ ಅಳತೆಯೊಂದಿಗೆ ಹೋಲಿಸುವುದು. ಇದಕ್ಕೆ ಸ್ಕ್ಯಾನರ್‌ನ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣದಲ್ಲಿ ಕೊಡುತ್ತಿರುವ ಅಂಕಿಗಳು, ಸಾಕು. ರಾತ್ರಿಯಿಡೀ ನಿಂತಿದ್ದ ಕಾರಿನ ಕೀಲಿಯನ್ನು ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ತಿರುಗಿಸಿದಾಗ ಕೂಲಂಟ್ ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಎರಡರ ನಡುವೆ ದೊಡ್ಡ ಅಂತರವಿದ್ದರೆ ಹೊರಗಿನ ಉಷ್ಣತೆಗೆ ದೂರವಾಗಿರುವುದು ಯಾವುದೋ ಅದೇ ತಪ್ಪು ಹೇಳುತ್ತಿದೆ. ಅದೇ ಸ್ಥಿತಿಯಲ್ಲಿ, ಎಂಜಿನ್ನಿನೊಳಗೆ ಗಾಳಿ ಹೋಗುವ ದಾರಿಯ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡವನ್ನು, ಸಮುದ್ರಮಟ್ಟದಲ್ಲಾದರೆ ಸುಮಾರು 100 ಕಿಲೋಪ್ಯಾಸ್ಕಲ್, ತೋರಿಸಬೇಕು. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ದೀಪದ ವಿಷಯದಲ್ಲಿಯೂ ನೇರ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ನಾಲ್ಕು ಚಕ್ರಗಳ ವೇಗವನ್ನು ಹೋಲಿಸಿ ನೋಡಿದರೆ ಬೇರೆಯಾಗಿ ನಿಲ್ಲುವ ಚಕ್ರ ಯಾವುದೆಂದು ಗೊತ್ತಾಗುತ್ತದೆ. ಅಲ್ಲಿಯೂ ಸೆನ್ಸರಿನ ತುದಿಗೆ ಅಂಟಿದ ಕಬ್ಬಿಣದ ಪುಡಿಯೋ ಚಕ್ರದೊಂದಿಗೆ ತಿರುಗುವ, ತುಕ್ಕು ಹಿಡಿದ ಹಲ್ಲುಬಳೆಯೋ ಕಾರಣವಾಗಿರಬಹುದು. ಇನ್ನೊಬ್ಬರು ಓಡಿಸುವಾಗ ಮಾತ್ರ ಪರದೆಯನ್ನು ನೋಡಿ.

ನಿಮ್ಮ ಕೋಡ್ ಪಿ0171 ಆಗಿದ್ದರೆ ಲೈವ್ ಡೇಟಾದಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಅಂಕಿಯನ್ನು ಗಮನಿಸಿ. ಮಿಶ್ರಣವನ್ನು ಸರಿಪಡಿಸಲು ಇಸಿಯು ಎಷ್ಟು ಶೇಕಡಾ ಇಂಧನವನ್ನು ಹೆಚ್ಚಿಸುತ್ತಿದೆ ಅಥವಾ ಕಡಿಮೆ ಮಾಡುತ್ತಿದೆ ಎಂಬುದನ್ನು ಅದು ತಿಳಿಸುತ್ತದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಹೆಚ್ಚಳದ ಕಡೆಗೆ ಶೇ. 20ರಷ್ಟು ಇದ್ದ ಅಂಕಿ 2500 ಆರ್‌ಪಿಎಂನಲ್ಲಿ ಸಹಜಕ್ಕೆ ಮರಳಿದರೆ ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪ್ ಅಥವಾ ಇಂಟೇಕ್ ಗ್ಯಾಸ್ಕೆಟ್ ಮೂಲಕ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ಬದಲಿಗೆ ಎಂಜಿನ್ನಿನ ಮೇಲಿನ ಹೊರೆ ಹೆಚ್ಚಿದಂತೆ ಅಂಕಿಯೂ ಏರಿದರೆ ಇಂಧನ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಗಾಳಿಯ ಹರಿವಿನ ಸೆನ್ಸರ್ ಕಡೆಗೆ ನೋಡಬೇಕು. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಪೈಪ್‌ನಲ್ಲಿ ಸೋರಿಕೆಯಿದ್ದರೆ ಹೊರಗಿನ ಗಾಳಿ ಬೆರೆತು, ಸರಿಯಾದ ಸೆನ್ಸರ್ ಕೂಡ ತಪ್ಪು ಹೇಳುವಂತಾಗುತ್ತದೆ ಎಂಬುದೂ ನೆನಪಿರಲಿ.

ಹೋಲಿಕೆಯಲ್ಲಿ ಸೆನ್ಸರಿನ ಮಾತು ಸುಳ್ಳೆಂದು ಕಂಡರೂ ಕೂಡಲೇ ಹೊಸದನ್ನು ಕೊಳ್ಳಬೇಡಿ, ತಪ್ಪು ವೈರಿಂಗ್‌ನದ್ದಾಗಿರಬಹುದು. ಎರಡು ತಂತಿಗಳ ಕೂಲಂಟ್ ತಾಪಮಾನ ಸೆನ್ಸರ್‌ಗೆ ಇರುವ ಪರೀಕ್ಷೆ ನನಗೆ ಬಹಳ ಅಚ್ಚುಕಟ್ಟಾದುದಾಗಿ ಕಾಣುತ್ತದೆ. ಎಂಜಿನ್ ಆರಿಸಿ ಕೀಲಿ ಮಾತ್ರ ಆನ್ ಇಟ್ಟು ಕನೆಕ್ಟರ್ ತೆಗೆದಾಗ ಹಲವು ಕಾರುಗಳಲ್ಲಿ ಲೈವ್ ಡೇಟಾ ಸುಮಾರು ಮೈನಸ್ 40 ಡಿಗ್ರಿಗೆ ಇಳಿಯುತ್ತದೆ. ಕನೆಕ್ಟರಿನ ಎರಡು ಪಿನ್‌ಗಳನ್ನು ತಂತಿಯಿಂದ ಸೇರಿಸಿದಾಗ ಅತಿ ಹೆಚ್ಚಿನ ತಾಪಮಾನಕ್ಕೆ ಏರುತ್ತದೆ. ಎರಡೂ ಹೀಗೆಯೇ ಆದರೆ ಇಸಿಯು ಮತ್ತು ವೈರಿಂಗ್ ಸರಿಯಿವೆ, ಸೆನ್ಸರ್ ಕೆಟ್ಟಿದೆ. ಈ ಪರೀಕ್ಷೆಯನ್ನು ಮೂರು ತಂತಿಗಳ ಸೆನ್ಸರ್‌ಗೆ ಮಾಡಬಾರದು. ಅಲ್ಲಿ ಕನೆಕ್ಟರಿನಲ್ಲಿ 5 ವೋಲ್ಟ್ ಪೂರೈಕೆ ಮತ್ತು ಗ್ರೌಂಡ್ (ವಿದ್ಯುತ್ ಮರಳುವ ದಾರಿ) ಬರುತ್ತಿವೆಯೇ ಎಂದು ಮಲ್ಟಿಮೀಟರ್‌ನಿಂದ ನೋಡಬೇಕು. ಏರ್‌ಬ್ಯಾಗ್ ಸರ್ಕ್ಯೂಟ್‌ಗೆ ಮಾತ್ರ ಮೀಟರ್ ತಾಗಿಸಲೇಬೇಡಿ, ಅದನ್ನು ಪರಿಣತರಿಗೆ ಬಿಡಿ.

ಒಮ್ಮೆಗೇ ನಾಲ್ಕಾರು ಸೆನ್ಸರ್‌ಗಳ ಕೋಡ್ ಬಂದರೆ ಅವೆಲ್ಲವೂ ಒಟ್ಟಿಗೆ ಕೆಟ್ಟಿರುವುದು ಅಪರೂಪ. ಬ್ಯಾಟರಿ ದುರ್ಬಲವಾಗಿರಬಹುದು, ಗ್ರೌಂಡ್ ತಂತಿ ಸಡಿಲವಾಗಿರಬಹುದು, ಅಥವಾ ಒಂದೇ 5 ವೋಲ್ಟ್ ಪೂರೈಕೆಯನ್ನು ಹಂಚಿಕೊಂಡ ಸೆನ್ಸರ್‌ಗಳಲ್ಲಿ ಒಂದು ಶಾರ್ಟ್ ಆಗಿ ಉಳಿದವುಗಳ ವೋಲ್ಟೇಜನ್ನೂ ಕೆಳಗೆಳೆದಿರಬಹುದು. ವಿಶ್ರಾಂತಿಯಲ್ಲಿರುವ ಸಾಮಾನ್ಯ ಬ್ಯಾಟರಿ ಪೂರ್ಣ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು.

ದೋಷವನ್ನು ಸರಿಪಡಿಸಿದ ಮೇಲೆ ಕೋಡ್ ಅಳಿಸಿ, ತಣ್ಣಗಿನ ಎಂಜಿನ್ನಿನಿಂದ ಆರಂಭಿಸಿ ಪೂರ್ತಿ ಬಿಸಿಯಾಗುವವರೆಗೆ ಕೆಲವು ಸಲ ಓಡಿಸಿ ನೋಡಿ. ಹಲವು ದೋಷಗಳು ಸತತ ಎರಡು ಓಟಗಳಲ್ಲಿ ಕಂಡ ನಂತರವಷ್ಟೇ ಇಸಿಯು ದೀಪ ಹೊತ್ತಿಸುವುದರಿಂದ, ಮೊದಲ ದಿನ ದೀಪ ಉರಿಯಲಿಲ್ಲವೆಂದ ಮಾತ್ರಕ್ಕೆ ದುರಸ್ತಿ ಫಲಿಸಿದೆ ಎಂದು ಹೇಳಲಾಗದು. ಸ್ಕ್ಯಾನರ್‌ನಲ್ಲಿ ಬಾಕಿ (ಪೆಂಡಿಂಗ್) ಕೋಡ್‌ಗಳು, ಅಂದರೆ ಇನ್ನೂ ದೀಪ ಹೊತ್ತಿಸದ ಕೋಡ್‌ಗಳು, ಇಲ್ಲದಿರುವುದನ್ನೂ, ಇಸಿಯು ತಾನೇ ಮಾಡುವ ಸ್ವಯಂ ಪರೀಕ್ಷೆಗಳು ಪೂರ್ಣಗೊಂಡಿರುವುದನ್ನೂ ನೋಡಿಕೊಳ್ಳಿ.