ಅಂತರರಾಷ್ಟ್ರೀಯ ಗೋಲು: ಈ ಪದದೊಳಗೆ ಏನೇನು ಸೇರುತ್ತೆ?

ನಮ್ಮ ಅಣ್ಣನ ಮಗಳು ಎಂಟನೇ ಕ್ಲಾಸು. ಮೈಸೂರಿನಲ್ಲೇ ಓದುತ್ತಾಳೆ, ಫುಟ್‌ಬಾಲ್ ಆಡುತ್ತಾಳೆ. ಹೋದ ತಿಂಗಳು ಒಂದು ಕ್ವಿಜ್‌ನಲ್ಲಿ ಹೀಗೊಂದು ಪ್ರಶ್ನೆ ಬಂತಂತೆ: ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಅಂತರರಾಷ್ಟ್ರೀಯ ಗೋಲು ಹೊಡೆದವರು ಯಾರು? ಇವಳು ಕೆನಡಾದ ಆಟಗಾರ್ತಿ ಕ್ರಿಸ್ಟೀನ್ ಸಿಂಕ್ಲೇರ್ ಎಂದು ಬರೆದಳು. ತಪ್ಪು ಅಂದರು. ಕ್ರಿಸ್ಟಿಯಾನೊ ರೊನಾಲ್ಡೊ ಸರಿ ಉತ್ತರವಂತೆ. ಸಂಜೆ ಸರಸ್ವತಿಪುರಂನ ನಮ್ಮ ಮನೆಗೆ ಬಂದವಳು ಶೂ ಕೂಡ ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು, "ಅತ್ತೆ, 190 ದೊಡ್ಡದಾ, 140 ಚಿಲ್ಲರೆ ದೊಡ್ಡದಾ?" ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು.

ಸಿಂಕ್ಲೇರ್ ಗೋಲು 190, ರೊನಾಲ್ಡೊ ಗೋಲು 140 ಚಿಲ್ಲರೆ. 190 ದೊಡ್ಡದು. ಅವಳ ಉತ್ತರ ಸರಿಯಾಗಿತ್ತು. ಆದರೆ ಯಾಕೆ ಸರಿ ಎಂದು ಬಿಡಿಸಿ ಹೇಳಬೇಕಾದರೆ "ಅಂತರರಾಷ್ಟ್ರೀಯ ಗೋಲು" ಎಂಬ ಪದದ ಒಳಗೆ ಏನಿದೆ ಅಂತ ನೋಡಬೇಕು. ಅವತ್ತು ರಾತ್ರಿ ನಾವಿಬ್ಬರೂ ಕೂತು ನೋಡಿದ್ದು ಅದನ್ನೇ.

ಒಬ್ಬ ಆಟಗಾರ್ತಿ ತನ್ನ ದೇಶದ ಹಿರಿಯರ ತಂಡದ ಪರವಾಗಿ, ಇನ್ನೊಂದು ದೇಶದ ಹಿರಿಯರ ತಂಡದ ವಿರುದ್ಧ, ಅಧಿಕೃತ ಪಂದ್ಯದಲ್ಲಿ ಹೊಡೆದ ಗೋಲೇ ಅಂತರರಾಷ್ಟ್ರೀಯ ಗೋಲು. ಇದರಲ್ಲಿ "ಹಿರಿಯರ ತಂಡ" ಎನ್ನುವುದು ತುಂಬಾ ಮುಖ್ಯ. ಕ್ಲಬ್‌ಗೆ ಹೊಡೆದ ಗೋಲು ಎಷ್ಟೇ ಇರಲಿ, ಇಲ್ಲಿಗೆ ಬರಲ್ಲ. ವಯೋಮಿತಿ ಇರುವ ತಂಡದ ಗೋಲೂ ಬರಲ್ಲ. ಸಿಂಕ್ಲೇರ್ 2002ರಲ್ಲಿ 19 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆನಡಾ ಪರ 10 ಗೋಲು ಹೊಡೆದರು. ಬೇರೆ ದೇಶಗಳ ವಿರುದ್ಧವೇ ಹೊಡೆದದ್ದು, ಮೈಮೇಲೆ ಕೆನಡಾದ್ದೇ ಜೆರ್ಸಿ. ಆದರೂ 190ರಲ್ಲಿ ಆ ಹತ್ತು ಇಲ್ಲ.

ಒಲಿಂಪಿಕ್ಸ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 1992ರಿಂದ ಪುರುಷರ ಒಲಿಂಪಿಕ್ ಫುಟ್‌ಬಾಲ್‌ಗೆ 23 ವರ್ಷದ ಮಿತಿ ಇದೆ. ಹಾಗಾಗಿ ಗಂಡಸರ ಒಲಿಂಪಿಕ್ ಗೋಲು ಈ ಲೆಕ್ಕಕ್ಕೆ ಸೇರಲ್ಲ. ಮಹಿಳೆಯರ ಒಲಿಂಪಿಕ್ಸ್‌ಗೆ ಅಂಥ ಮಿತಿ ಇಲ್ಲ, ದೇಶದ ಪೂರ್ಣ ತಂಡವೇ ಹೋಗುತ್ತದೆ. ಆದ್ದರಿಂದ ಅವರ ಒಲಿಂಪಿಕ್ ಗೋಲು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಸೌಹಾರ್ದ ಪಂದ್ಯದ ಗೋಲೂ ಬರುತ್ತದೆ, ಅರ್ಹತಾ ಪಂದ್ಯದ್ದೂ ಬರುತ್ತದೆ. ಆಟದ ನಡುವೆ ಸಿಕ್ಕ ಪೆನಾಲ್ಟಿಯೂ ಸೈ. ಪಂದ್ಯ ಸಮವಾದ ಮೇಲೆ ಹೊಡೆಯುವ ಶೂಟೌಟ್ ಮಾತ್ರ ಹೊರಗೆ.

ಇದಕ್ಕೆ ಟೋಕಿಯೊ ಒಲಿಂಪಿಕ್ಸ್ ಫೈನಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2021ರ ಆಗಸ್ಟ್. ಕೆನಡಾಕ್ಕೆ ಎದುರಾಳಿ ಸ್ವೀಡನ್. ಪೆನಾಲ್ಟಿ ಪ್ರದೇಶದಲ್ಲಿ ಸಿಂಕ್ಲೇರ್‌ರನ್ನು ಬೀಳಿಸಿದ್ದಕ್ಕೆ ಕೆನಡಾಕ್ಕೆ ಪೆನಾಲ್ಟಿ ಸಿಕ್ಕಿತು. ಅದನ್ನು ಗೋಲು ಮಾಡಿದ್ದು ಜೆಸ್ಸಿ ಫ್ಲೆಮಿಂಗ್. ಹಾಗಾಗಿ ಗೋಲು ಫ್ಲೆಮಿಂಗ್ ಹೆಸರಿಗೆ ಹೋಯಿತು. ಪೆಟ್ಟು ತಿಂದು ಪೆನಾಲ್ಟಿ ತಂದವರ ಗೋಲಿನ ಲೆಕ್ಕಕ್ಕೆ ಏನೂ ಸೇರಲಿಲ್ಲ. ಪಂದ್ಯ 1–1 ಆಯಿತು. ಶೂಟೌಟ್‌ನಲ್ಲಿ ಜೂಲಿಯಾ ಗ್ರೊಸ್ಸೊ ಕೊನೆಯ ಒದೆತ ಒದ್ದರು, ಕೆನಡಾಕ್ಕೆ ಚಿನ್ನ ಬಂತು. ದೇಶಕ್ಕೆ ಚಿನ್ನ ತಂದ ಆ ಒದೆತ ಗ್ರೊಸ್ಸೊ ಅವರ ಗೋಲಿನ ಪಟ್ಟಿಯಲ್ಲಿ ಇಲ್ಲ. ದಾಖಲೆಯ ಪ್ರಕಾರ ಆ ಪಂದ್ಯದ ಫಲಿತಾಂಶ ಇವತ್ತಿಗೂ 1–1.

ಇದರ ಜೊತೆಗೇ ಬರುವ ಇನ್ನೊಂದು ಪದ "ಕ್ಯಾಪ್". ಸಿಂಕ್ಲೇರ್‌ಗೆ 331 ಕ್ಯಾಪ್ ಅಂದರೆ ದೇಶದ ಪರ 331 ಪಂದ್ಯ ಆಡಿದ್ದಾರೆ ಎಂದು. ದೇಶಕ್ಕಾಗಿ ಆಡಿದವರಿಗೆ ನಿಜವಾದ ಟೋಪಿಯನ್ನೇ ಕೊಡಬೇಕೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1886ರಲ್ಲಿ ತೀರ್ಮಾನಿಸಿತು. ನಮ್ಮಲ್ಲಿ ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡ್ತೀವಲ್ಲ, ಹಾಗೆ. ಈಗ ಪಂದ್ಯದ ಸಂಖ್ಯೆಗೇ ಆ ಹೆಸರು ನಿಂತಿದೆ. 331 ಪಂದ್ಯಕ್ಕೆ 190 ಅಂದರೆ ಹೆಚ್ಚುಕಮ್ಮಿ ಏಳು ಪಂದ್ಯಕ್ಕೆ ನಾಲ್ಕು ಗೋಲು.

ಮಹಿಳೆಯರಲ್ಲಿ ಈ ದಾಖಲೆ ಕೈಯಿಂದ ಕೈಗೆ ಹೇಗೆ ಬಂತು ಎನ್ನುವುದನ್ನೂ ಹೇಳಬೇಕು. ಇಟಲಿಯ ಎಲಿಸಬೆಟ್ಟಾ ವಿಗ್ನೊಟ್ಟೊ ಹೆಸರಲ್ಲಿದ್ದ ದಾಖಲೆಯನ್ನು 1999ರಲ್ಲಿ ಅಮೆರಿಕದ ಮಿಯಾ ಹ್ಯಾಮ್ ಮುರಿದರು. 2004ರಲ್ಲಿ ನಿವೃತ್ತರಾಗುವಾಗ ಹ್ಯಾಮ್ ಗೋಲು 158. ಆಮೇಲೆ ಅದೇ ದೇಶದ ಆ್ಯಬಿ ವ್ಯಾಂಬಾಕ್. 2013ರ ಜೂನ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಒಂದೇ ಪಂದ್ಯದ ಮೊದಲಾರ್ಧದಲ್ಲಿ ನಾಲ್ಕು ಗೋಲು ಹೊಡೆದು ಹ್ಯಾಮ್‌ರನ್ನು ದಾಟಿದರು. 184ಕ್ಕೆ ನಿಲ್ಲಿಸಿದರು. ಅದರಲ್ಲಿ 77 ತಲೆಯಿಂದ ಹೊಡೆದದ್ದು! ನಮ್ಮ ಹುಡುಗಿ ಇದನ್ನು ಕೇಳಿ ಎದ್ದು ನಿಂತು ಗಾಳಿಗೆ ತಲೆ ಬೀಸಿದಳು.

ಆಮೇಲೆ ಸಿಂಕ್ಲೇರ್. ಕೆನಡಾದ ಬರ್ನಬಿಯವರು. 2000ದ ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಅಲ್ಗಾರ್ವ್ ಕಪ್‌ಗೆ ಹೋದಾಗ ವಯಸ್ಸು 16. ಮೊದಲ ಗೋಲು ಅಲ್ಲೇ, ನಾರ್ವೆ ವಿರುದ್ಧ. ದಾಖಲೆಯ ಗೋಲು ಬಂದದ್ದು ಸುಮಾರು ಇಪ್ಪತ್ತು ವರ್ಷದ ಮೇಲೆ, 2020ರ ಜನವರಿ 29ರಂದು, ಅಮೆರಿಕದ ಟೆಕ್ಸಸ್‌ನಲ್ಲಿ. ಒಲಿಂಪಿಕ್ ಅರ್ಹತಾ ಪಂದ್ಯ, ಎದುರಾಳಿ ಸೇಂಟ್ ಕಿಟ್ಸ್ ಮತ್ತು ನೆವಿಸ್. ಪೆನಾಲ್ಟಿ ಹೊಡೆದು 184ಕ್ಕೆ ಸಮ ಮಾಡಿದರು. ಸ್ವಲ್ಪ ಹೊತ್ತಿಗೇ 185 ಬಂತು. ಕೆನಡಾ 11–0 ಗೆದ್ದಿತು.

ಇಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಪುಟ್ಟ ದ್ವೀಪ ದೇಶದ ಮೇಲೆ ಹೊಡೆದರೆ ಏನು ದೊಡ್ಡದು ಅಂತಾರೆ. ಮಾತಿನಲ್ಲಿ ಒಂದಿಷ್ಟು ಸತ್ಯ ಇದೆ. ಮಹಿಳಾ ಫುಟ್‌ಬಾಲ್‌ನಲ್ಲಿ ದೇಶ ದೇಶಗಳ ನಡುವಿನ ಅಂತರ ದೊಡ್ಡದು. ಯಾಕೆಂದರೆ ಎಷ್ಟೋ ಕಡೆ ಹೆಣ್ಣುಮಕ್ಕಳಿಗೆ ದಶಕಗಟ್ಟಲೆ ಮೈದಾನವನ್ನೇ ಕೊಡಲಿಲ್ಲ. ಇಂಗ್ಲೆಂಡಿನಲ್ಲೇ 1921ರಿಂದ ಸುಮಾರು ಐವತ್ತು ವರ್ಷ ಫುಟ್‌ಬಾಲ್ ಸಂಸ್ಥೆಗೆ ಸೇರಿದ ಮೈದಾನಗಳಲ್ಲಿ ಮಹಿಳೆಯರು ಆಡುವಂತಿರಲಿಲ್ಲ. ಗಟ್ಟಿಯಾದ ವೃತ್ತಿಪರ ಲೀಗ್‌ಗಳು ತಡವಾಗಿ ಬಂದವು. ಹಾಗಾಗಿ ಅಮೆರಿಕ, ಕೆನಡಾದಂಥ ಕಡೆ ಎಷ್ಟೋ ವರ್ಷ ಆಟಗಾರ್ತಿಯರಿಗೆ ರಾಷ್ಟ್ರೀಯ ತಂಡವೇ ಎಲ್ಲ. ಪಂದ್ಯ ಜಾಸ್ತಿ, ಅಂಕಿಯೂ ಜಾಸ್ತಿ. ಆದರೆ ಗೋಲಿನ ಲೆಕ್ಕ ಎದುರಾಳಿಯ ಬಲ ಕೇಳಲ್ಲ. ಗಂಡಸರಿಗೂ ಕೇಳಲ್ಲ. ರೊನಾಲ್ಡೊ ಲಕ್ಸೆಂಬರ್ಗ್ ಮೇಲೆ ಹೊಡೆದ ಗೋಲುಗಳನ್ನು ಯಾರೂ ಅರ್ಧ ಅಂತ ಬರೆದಿಲ್ಲ, ಅಲ್ವಾ?

ಇನ್ನು ದೊಡ್ಡ ತಂಡದ ಮೇಲೆ ಸಿಂಕ್ಲೇರ್ ಏನು ಮಾಡಿದರು ಎಂದು ಕೇಳಿದರೆ, 2012ರ ಲಂಡನ್ ಒಲಿಂಪಿಕ್ಸ್ ಸೆಮಿಫೈನಲ್ ನೋಡಿ. ಜಾಗ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್. ಎದುರಿಗೆ ಅಮೆರಿಕ. ಸಿಂಕ್ಲೇರ್ ಹೊಡೆದು ಕೆನಡಾವನ್ನು ಮುಂದೆ ತಂದರು, ಅಮೆರಿಕ ಸಮ ಮಾಡಿತು. ಮತ್ತೆ ಹೊಡೆದರು, ಮತ್ತೆ ಸಮ. ಮೂರನೇ ಸಲ ಹೊಡೆದರು. ಆಗ ಪೆನಾಲ್ಟಿಯಲ್ಲಿ ಸಮ ಮಾಡಿದ್ದು ಯಾರು? ವ್ಯಾಂಬಾಕ್. ಮುಂದೆ ದಾಖಲೆ ಕೊಟ್ಟವರು, ಪಡೆದವರು ಇಬ್ಬರೂ ಅವತ್ತು ಒಂದೇ ಮೈದಾನದಲ್ಲಿ ಎದುರುಬದುರು ಇದ್ದರು. ಹೆಚ್ಚುವರಿ ಸಮಯವೂ ಮುಗಿಯುವ ಹೊತ್ತಿಗೆ ಅಲೆಕ್ಸ್ ಮಾರ್ಗನ್ ತಲೆ ಕೊಟ್ಟು ಅಮೆರಿಕಕ್ಕೆ 4–3 ಗೆಲುವು ತಂದರು. ಹ್ಯಾಟ್ರಿಕ್ ಹೊಡೆದೂ ಸೋತ ಆ ಪಂದ್ಯ ನನ್ನ ಮಟ್ಟಿಗೆ 190ರಲ್ಲಿ ಎಲ್ಲಕ್ಕಿಂತ ತೂಕದ ಮೂರು ಗೋಲಿನದ್ದು. ಆಮೇಲೆ ಕೆನಡಾ ಫ್ರಾನ್ಸನ್ನು ಸೋಲಿಸಿ ಕಂಚು ಪಡೆಯಿತು. ಆ ಕೂಟದಲ್ಲಿ ಅತಿ ಹೆಚ್ಚು, ಆರು ಗೋಲು ಸಿಂಕ್ಲೇರ್ ಅವರದ್ದೇ.

2023ರ ಡಿಸೆಂಬರ್ 5ರಂದು ವ್ಯಾಂಕೂವರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಅವತ್ತೊಂದು ದಿನ ಸ್ಟೇಡಿಯಂಗೆ ಅವರ ಹೆಸರನ್ನೇ ಇಟ್ಟಿದ್ದರು.

ನಮ್ಮ ದೇಶದ್ದೂ ಹೇಳಿಬಿಡುತ್ತೇನೆ. ಸುನಿಲ್ ಚೆಟ್ರಿ 95 ಗೋಲು ಹೊಡೆದದ್ದು ಎಲ್ಲರಿಗೂ ಗೊತ್ತು, ಬೆಂಗಳೂರಿನ ಕ್ಲಬ್‌ಗೆ ಆಡಿದವರು ಬೇರೆ. ಮಣಿಪುರದ ಬಾಲಾ ದೇವಿ 50 ಅಂತರರಾಷ್ಟ್ರೀಯ ಗೋಲು ಮುಟ್ಟಿದ ಮೊದಲ ಭಾರತೀಯ ಮಹಿಳೆ. ಆ ಹೆಸರು ನಮ್ಮ ಹುಡುಗಿಗೂ ಗೊತ್ತಿರಲಿಲ್ಲ. ಅವತ್ತೇ ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಕ್ವಿಜ್ ಪ್ರಶ್ನೆಗೆ ಬರೋಣ. ಅದರಲ್ಲಿ "ಪುರುಷರ ಫುಟ್‌ಬಾಲ್‌ನಲ್ಲಿ" ಎಂದಿದ್ದರೆ ರೊನಾಲ್ಡೊ ಸರಿ. ಸುಮ್ನೆ "ಫುಟ್‌ಬಾಲ್‌ನಲ್ಲಿ" ಎಂದು ಕೇಳಿದರೆ ಉತ್ತರ ಸಿಂಕ್ಲೇರ್. ಗಂಡು ಹೆಣ್ಣು ಎಂಬ ಭೇದ ಆ ಪದದ ಅರ್ಥದಲ್ಲಿ ಎಲ್ಲೂ ಇಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಕಂದು ರಟ್ಟು, ಮೂಲೆ ಮಡಚಿದೆ, ಮೇಲೆ ಮಣ್ಣಿನ ಬೆರಳಿನ ಗುರುತು. ಇಷ್ಟು ದಿನ ಹೊಡೆದ ಗೋಲನ್ನೆಲ್ಲ ಐದೈದು ಗೀಟು ಹಾಕಿ ಬರೆದಿದ್ದಳು. ಒಟ್ಟು 63. "ಅತ್ತೆ, ಅದೇ ರೂಲ್ಸು ನಂಗೂ ಹಾಕೋಣ" ಅಂದಳು.

ತಮ್ಮ ತಮ್ಮಲ್ಲೇ ಎರಡು ಗುಂಪಾಗಿ, ಸ್ಕೂಲ್ ಬ್ಯಾಗನ್ನೇ ಗೋಲ್‌ಪೋಸ್ಟ್ ಮಾಡಿಕೊಂಡು ಆಡಿದ ಆಟದ 38 ಗೋಲು ಮೊದಲು ಹೋಯಿತು. ಶೂಟೌಟ್‌ನ ನಾಲ್ಕನ್ನು ಅವಳೇ ಅಡ್ಡಗೆರೆ ಎಳೆದು ಹೊಡೆದು ಹಾಕಿದಳು. ಉಳಿದದ್ದು 21. ಅದರಲ್ಲಿ ಒಂದರ ಮೇಲೆ ಬೆರಳಿಟ್ಟು ಸುಮ್ಮನಾದಳು. ಮಂಡ್ಯದ ತಂಡದ ಮೇಲೆ ಹೊಡೆದದ್ದು, ಅವರ ಡಿಫೆಂಡರ್ ಕಾಲಿಗೆ ತಗುಲಿ ಒಳಗೆ ಹೋಗಿತ್ತು. ಒದ್ದ ಚೆಂಡು ಗೋಲಿನತ್ತಲೇ ಹೋಗುತ್ತಿದ್ದು ನಡುವೆ ಯಾರಿಗೋ ತಗುಲಿದರೆ ಗೋಲು ಒದ್ದವರದ್ದೇ. ಹೊರಗೆ ಹೋಗುವ ಚೆಂಡನ್ನು ಎದುರಾಳಿಯೇ ಒಳಗೆ ತಳ್ಳಿದರೆ ಅದು ಸೇಮ್ ಸೈಡ್ ಗೋಲು, ಯಾರ ಲೆಕ್ಕಕ್ಕೂ ಸೇರಲ್ಲ. "ನಿನ್ನದು ಯಾವುದು ಪುಟ್ಟಿ?" ಎಂದೆ.

"ಒಳಗೇ ಹೋಗ್ತಿತ್ತು ಅನ್ಸುತ್ತೆ ಅತ್ತೆ." ಸ್ವಲ್ಪ ಯೋಚಿಸಿ, ಆ ಗೀಟಿನ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದೊಂದು ಪ್ರಶ್ನೆ ಚಿಹ್ನೆ ಹಾಕಿದಳು. ಮಂಡ್ಯದ ತಂಡ ಮುಂದಿನ ತಿಂಗಳು ಮತ್ತೆ ಬರುತ್ತದಂತೆ. ಆ ಡಿಫೆಂಡರ್ ಹುಡುಗಿಯನ್ನೇ ಕೇಳ್ತೀನಿ ಅಂದಳು.