ಚಿಪ್‌ಗೂ ಲೋಹಕ್ಕೂ ನಡುವಿನ ಒಂದು ಮಿಲಿಮೀಟರ್

ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳನ್ನೂ, ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕನ್ನೂ ಬಿಚ್ಚಿ, ಚಿಪ್‌ಗೂ ಅದಕ್ಕೂ ನಡುವೆ ಹಚ್ಚಿದ್ದ, ಈಗ ಒಣಗಿದ ಪೇಸ್ಟನ್ನು ಒರೆಸಿದರೆ ನಡುವೆ ಕನ್ನಡಿಯಂತೆ ಹೊಳೆಯುವ ಮುಖ್ಯ ಚಿಪ್ ಕಾಣುತ್ತದೆ. ಅದರ ಸುತ್ತ ಕಪ್ಪು ಮೆಮೊರಿ ಚಿಪ್‌ಗಳು ಸಾಲಾಗಿ ಕುಳಿತಿರುತ್ತವೆ. ಅವುಗಳಾಚೆ, ಬೋರ್ಡಿನ ಅಂಚಿನಲ್ಲಿ, 12 ವೋಲ್ಟನ್ನು ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿಕೊಡುವ ಮಾಸ್ಫೆಟ್‌ಗಳಿರುತ್ತವೆ. ಇವೆಲ್ಲ ಬಿಸಿಯಾಗುತ್ತವೆ, ಎಲ್ಲಕ್ಕೂ ಇರುವುದು ಒಂದೇ ಹೀಟ್‌ಸಿಂಕ್. ಆದರೆ ಇವುಗಳ ಎತ್ತರ ಒಂದೇ ಅಲ್ಲ. ಮುಖ್ಯ ಚಿಪ್ ಲೋಹಕ್ಕೆ ಒತ್ತಿಕೊಂಡು ಕುಳಿತಿದ್ದರೆ, ಉಳಿದವುಗಳಿಗೂ ಲೋಹಕ್ಕೂ ನಡುವೆ ಅರ್ಧ ಮಿಲಿಮೀಟರಿನಿಂದ ಮೂರು ಮಿಲಿಮೀಟರಿನವರೆಗೆ ಸಂದು ಉಳಿದುಬಿಡುತ್ತದೆ. ಆ ಸಂದನ್ನು ತುಂಬುವ ಮೆತ್ತನೆಯ, ರಬ್ಬರಿನಂಥ ಪಟ್ಟಿಯೇ ಥರ್ಮಲ್ ಪ್ಯಾಡ್.

ಸಂದನ್ನು ತುಂಬದೆ ಬಿಟ್ಟರೆ ಅಲ್ಲಿ ಗಾಳಿ ಇರುತ್ತದೆ, ಮತ್ತು ನಿಶ್ಚಲವಾದ ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಬಹಳ ದುರ್ಬಲ. ಅದರ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್; ತಾಮ್ರದ್ದು ಸುಮಾರು 400. ಪ್ಯಾಡ್‌ಗಳು ಇವೆರಡರ ನಡುವೆ, ಅದೂ ಕೆಳಗಿನ ತುದಿಗೇ ಹತ್ತಿರವಾಗಿ ಬರುತ್ತವೆ: ಸಾಧಾರಣವಾದವು 1.5ರಿಂದ 3, ಒಳ್ಳೆಯವು 6, ದುಬಾರಿಯಾದವುಗಳ ಪೊಟ್ಟಣದ ಮೇಲೆ 12 ಅಥವಾ ಇನ್ನೂ ಹೆಚ್ಚು. ತಾಮ್ರದ ಮುಂದೆ ಇದು ಏನೇನೂ ಅಲ್ಲ. ಗಾಳಿಯ ಮುಂದೆ ಹತ್ತಾರರಿಂದ ನೂರಾರು ಪಟ್ಟು. ಹೀಗಾಗಿ ಪ್ಯಾಡ್‌ನ ಮೊದಲ ಕೆಲಸ ಗಾಳಿಯನ್ನು ಹೊರಗಟ್ಟುವುದು, ಶಾಖವನ್ನು ಚುರುಕಾಗಿ ಸಾಗಿಸುವುದು ಎರಡನೆಯದು. ಪ್ಯಾಡ್ ಬದಲಿಸಲು ಹೊರಟವರಲ್ಲಿ ಹೆಚ್ಚಿನವರು ಎರಡನೆಯದಕ್ಕೆ ಮನಸೋತು ಮೊದಲನೆಯದನ್ನು ಮರೆಯುತ್ತಾರೆ ಎಂಬುದು ನನ್ನ ಅನಿಸಿಕೆ.

ಲೆಕ್ಕ ಹಾಕಿ ನೋಡಬಹುದು. ಜೋಸೆಫ್ ಫೂರಿಯರ್ 1822ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಪ್ಯಾಡ್‌ನ ದಪ್ಪವನ್ನು ಅದರ ಉಷ್ಣವಾಹಕತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಉಷ್ಣರೋಧ ಸಿಗುತ್ತದೆ. ಅದನ್ನು ಹಾದುಹೋಗುವ ವ್ಯಾಟ್‌ಗಳಿಂದ ಗುಣಿಸಿದರೆ ಪ್ಯಾಡ್‌ನ ಎರಡು ಮುಖಗಳ ನಡುವಿನ ತಾಪಮಾನದ ಅಂತರ ಸಿಗುತ್ತದೆ. ಜಿಡಿಡಿಆರ್6 ಮೆಮೊರಿ ಚಿಪ್‌ನ ಅಳತೆ 14 ಮಿ.ಮೀ. ಉದ್ದ, 12 ಮಿ.ಮೀ. ಅಗಲ. ಅದು 3 ವ್ಯಾಟ್ ಹೊರಹಾಕುತ್ತಿದೆ, ಸಂದು 2 ಮಿ.ಮೀ. ಇದೆ ಎಂದಿಟ್ಟುಕೊಳ್ಳೋಣ. ವಾಹಕತೆ 1.5ರ ಪ್ಯಾಡ್ ಇದ್ದರೆ ಅಂತರ ಸುಮಾರು 24 ಡಿಗ್ರಿ. 6ರ ಪ್ಯಾಡ್ ಹಾಕಿದರೆ ಅದು 6 ಡಿಗ್ರಿಗೆ ಇಳಿಯುತ್ತದೆ, ಅಂದರೆ 18 ಡಿಗ್ರಿ ಲಾಭ. ಹೆಚ್ಚು ಹಣ ತೆತ್ತು 12ರ ಪ್ಯಾಡ್ ತಂದರೆ ಮತ್ತೆ ಸಿಗುವುದು ಬರೀ 3 ಡಿಗ್ರಿ. ಅದೇ, 2 ಮಿ.ಮೀ. ಸಂದಿಗೆ 1.5 ಮಿ.ಮೀ. ಪ್ಯಾಡ್ ಹಾಕಿ ಅರ್ಧ ಮಿಲಿಮೀಟರ್ ಗಾಳಿಯನ್ನು ಉಳಿಸಿದರೆ, ಆ ಗಾಳಿಯೊಂದರಿಂದಲೇ ಲೆಕ್ಕದಲ್ಲಿ 300 ಡಿಗ್ರಿಗೂ ಮೀರಿದ ಅಂತರ ಬರುತ್ತದೆ. ವಾಸ್ತವದಲ್ಲಿ ಅಷ್ಟಾಗುವುದಿಲ್ಲ, ಏಕೆಂದರೆ ಶಾಖ ಬೋರ್ಡಿನ ಮೂಲಕ ಬೇರೆ ದಾರಿ ಹಿಡಿಯುತ್ತದೆ. ಆದರೆ ಹೀಟ್‌ಸಿಂಕ್ ಆ ಚಿಪ್‌ನ ಪಾಲಿಗೆ ಇದ್ದೂ ಇಲ್ಲದಂತೆ.

ಪ್ಯಾಡ್ ಹಳತಾಗುವುದು ಅದರ ರಚನೆಯಿಂದಲೇ. ಅದರ ಆಧಾರ ಸಿಲಿಕೋನ್. ಶಾಖ ಸಾಗಿಸುವುದರಲ್ಲಿ ಅದು ಹಿಂದೆ, ವಾಹಕತೆ 0.2ರ ಆಸುಪಾಸು. ಅದರೊಳಗೆ ಅಲ್ಯೂಮಿನಾದಂಥ ಪಿಂಗಾಣಿ ಜಾತಿಯ ಪುಡಿಯನ್ನು ಕಣಕ್ಕೆ ಕಣ ತಾಗುವಷ್ಟು ಒತ್ತೊತ್ತಾಗಿ ತುಂಬಿರುತ್ತಾರೆ. ಶಾಖ ಸಾಗುವುದು ಈ ಕಣಗಳ ಸರಪಳಿಯಲ್ಲಿ. ಪುಡಿ ಹೆಚ್ಚಿದಷ್ಟೂ ವಾಹಕತೆ ಏರುತ್ತದೆ, ಜೊತೆಗೆ ಪ್ಯಾಡ್ ಗಟ್ಟಿಯೂ ಆಗುತ್ತದೆ. ಇನ್ನು ಸಿಲಿಕೋನಿನಲ್ಲಿ ಅಣುಗಳ ಬಲೆಗೆ ಬೆಸೆದುಕೊಳ್ಳದೆ ಉಳಿದ ಸಣ್ಣ ಅಣುಗಳು ವರ್ಷಗಟ್ಟಲೆ ಬಿಸಿಯಲ್ಲಿ ಎಣ್ಣೆಯಾಗಿ ಜಿನುಗುತ್ತವೆ. ಕಾರ್ಡಿನ ಕೆಳಅಂಚಿನಲ್ಲಿ ಕಾಣುವ ಜಿಡ್ಡು ಅದೇ. ಆ ಎಣ್ಣೆ ವಿದ್ಯುತ್ ಹರಿಸುವುದಿಲ್ಲ, ಅದರಿಂದ ಕಾರ್ಡ್ ಸುಡುತ್ತದೆ ಎಂದು ಗಾಬರಿಯಾಗಬೇಕಿಲ್ಲ. ಧೂಳು ಅಂಟುತ್ತದೆ, ಅಷ್ಟೆ. ಎಣ್ಣೆ ಕಳೆದುಕೊಂಡ ಪ್ಯಾಡ್ ಮಾತ್ರ ಬಿರುಸಾಗಿ, ಬೆರಳಿನಲ್ಲಿ ಹಿಡಿದರೆ ಸುಣ್ಣದ ಹಕ್ಕಳೆಯಂತೆ ಮುರಿಯುತ್ತದೆ. ಕಾರ್ಡ್ ಕಾದು ತಣಿಯುವಾಗಲೆಲ್ಲ ಲೋಹ ಹಿಗ್ಗಿ ಕುಗ್ಗುತ್ತದೆ. ಮೆತ್ತಗಿನ ಪ್ಯಾಡ್ ಅದಕ್ಕೆ ತಕ್ಕಂತೆ ಮಣಿಯುತ್ತದೆ, ಬಿರುಸಾದದ್ದು ಮಣಿಯದೆ ಅಂಚಿನಲ್ಲಿ ಗಾಳಿಗೆ ಎಡೆ ಮಾಡಿಕೊಡುತ್ತದೆ.

ಈ ವಿಷಯ ಬಳಕೆದಾರರ ನಡುವೆ ವ್ಯಾಪಕವಾಗಿ ಚರ್ಚೆಯಾದದ್ದು 2020ರಲ್ಲಿ ಜಿಡಿಡಿಆರ್6ಎಕ್ಸ್ ಮೆಮೊರಿ ಬಂದ ಮೇಲೆ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3090 ಕಾರ್ಡಿನಲ್ಲಿ ತಲಾ ಒಂದು ಗಿಗಾಬೈಟಿನ 24 ಚಿಪ್‌ಗಳಿದ್ದವು. ಅವುಗಳಲ್ಲಿ 12 ಬೋರ್ಡಿನ ಹಿಂಬದಿಯಲ್ಲಿ, ಫ್ಯಾನಿನ ಗಾಳಿ ನೇರವಾಗಿ ತಾಗದ ಕಡೆ, ಹಿಂದಿನ ಲೋಹದ ತಗಡಿಗೆ ಪ್ಯಾಡ್ ಮೂಲಕ ಶಾಖ ಕೊಡುತ್ತಿದ್ದವು. ಭಾರೀ ಕೆಲಸ ಹೇರಿದಾಗ ಮೆಮೊರಿ 110 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು, ಆಗ ಕಾರ್ಡ್ ತಾನಾಗಿ ವೇಗ ತಗ್ಗಿಸುತ್ತಿತ್ತು. 2022ರ 3090 ಟಿಐನಲ್ಲಿ ಎರಡು ಗಿಗಾಬೈಟಿನ 12 ಚಿಪ್‌ಗಳನ್ನು ಬಳಸಿ ಎಲ್ಲವನ್ನೂ ಮುಂಬದಿಗೇ ತಂದರು.

ಹಳೆಯ ಪ್ಯಾಡ್ ತೆಗೆದು ಹೊಸದನ್ನು ಅಂಟಿಸುವ ಕೈಕೆಲಸ ಕಷ್ಟದ್ದಲ್ಲ. ಕಷ್ಟವಿರುವುದು ದಪ್ಪವನ್ನು ಸರಿಯಾಗಿ ಅರಿಯುವುದರಲ್ಲಿ. ಮೊದಲ ಬಾರಿ ನಾನು ಕೆಟ್ಟದ್ದು ಇಲ್ಲಿಯೇ. ಸಂದು ಉಳಿಯದಿರಲಿ ಎಂಬ ಅತಿ ಎಚ್ಚರದಿಂದ, 1.5 ಮಿ.ಮೀ. ಇದ್ದ ಕಡೆ 2 ಮಿ.ಮೀ.ನ ಗಟ್ಟಿ ಪ್ಯಾಡ್ ಹಾಕಿದೆ. ಮೆಮೊರಿ ಏನೋ ತಣ್ಣಗಾಯಿತು, ಆದರೆ ಆಟ ಶುರುವಾದ ನಿಮಿಷದಲ್ಲೇ ಮುಖ್ಯ ಚಿಪ್‌ನ ಅತಿ ಬಿಸಿ ಬಿಂದುವಿನ ತಾಪಮಾನ ಮೇಲೇರಿ, ಫ್ಯಾನುಗಳು ಕಿರುಚತೊಡಗಿದವು. ಮತ್ತೆ ಬಿಚ್ಚಿ ನೋಡಿದರೆ ಪೇಸ್ಟು ಹಚ್ಚಿದ್ದು ಹಚ್ಚಿದಂತೆಯೇ ಒಂದು ಮೂಲೆಯಲ್ಲಿ ದಪ್ಪವಾಗಿ ನಿಂತಿತ್ತು: ಗಟ್ಟಿ ಪ್ಯಾಡ್‌ಗಳು ಕಂಬಗಳಂತೆ ನಿಂತು ಹೀಟ್‌ಸಿಂಕನ್ನೇ ಎತ್ತಿ ಹಿಡಿದಿದ್ದವು. 3090ರಂಥ ಕಾರ್ಡಿನ ಮುಖ್ಯ ಚಿಪ್ 628 ಚದರ ಮಿಲಿಮೀಟರ್ ಇದೆ. 300 ವ್ಯಾಟ್ ಸಾಗಬೇಕಾದಾಗ, ವಾಹಕತೆ 5 ಇರುವ ಪೇಸ್ಟು 0.05 ಮಿ.ಮೀ. ದಪ್ಪವಿದ್ದರೆ ಅಂತರ ಸುಮಾರು 5 ಡಿಗ್ರಿ, 0.3 ಮಿ.ಮೀ. ಆದರೆ 29. ಮುಖ್ಯ ಚಿಪ್ ಮೇಲೆ ಪ್ಯಾಡ್ ಬದಲು ಪೇಸ್ಟನ್ನೇ ಬಳಸುವುದು ಏಕೆ ಎಂಬುದಕ್ಕೂ ಇದೇ ಉತ್ತರ.

ಹಳೆಯ ಪ್ಯಾಡ್ ಅಳೆಯುವಾಗ ಚಿಪ್ ಒತ್ತಿದ ತಗ್ಗಿನ ಭಾಗವನ್ನು ಅಳೆಯಬಾರದು. ಅದು ಸಂದಿನ ಅಳತೆ. ಚಿಪ್‌ನ ಆಚೆ ಚಾಚಿಕೊಂಡು ಒತ್ತಡಕ್ಕೆ ಸಿಗದೆ ಉಳಿದ ಅಂಚನ್ನು ಕ್ಯಾಲಿಪರ್‌ನಿಂದ, ಅಮುಕದೆ, ಅಳೆದರೆ ಮೂಲ ದಪ್ಪ ತಿಳಿಯುತ್ತದೆ. ಒಂದೇ ಕಾರ್ಡಿನಲ್ಲಿ ಮೆಮೊರಿಗೊಂದು, ಮಾಸ್ಫೆಟ್‌ಗೊಂದು, ಹಿಂದಿನ ತಗಡಿಗೆ ಇನ್ನೊಂದು ದಪ್ಪವಿರುವುದು ಸಾಮಾನ್ಯ. ದಪ್ಪದಷ್ಟೇ ಮೆದುತನವೂ ಮುಖ್ಯ. ಗಡಸುತನ ಅಳೆಯುವ ಶೋರ್ 00 ಮಾಪಕದಲ್ಲಿ ಕಡಿಮೆ ಅಂಕಿ ಇರುವ ಪ್ಯಾಡ್ ಹೆಚ್ಚು ಮೆತ್ತಗೆ, ಸಣ್ಣಪುಟ್ಟ ತಪ್ಪನ್ನು ನುಂಗಿಕೊಳ್ಳುತ್ತದೆ. ದಪ್ಪದ ಗೊಂದಲವೇ ಬೇಡವೆನ್ನುವವರಿಗೆ ಥರ್ಮಲ್ ಪುಟ್ಟಿ ಇದೆ: ನಾದಿದ ಹಿಟ್ಟಿನಂಥ ಅದು ಸಂದು ಎಷ್ಟಿದ್ದರೆ ಅಷ್ಟಕ್ಕೇ ಹರಡಿಕೊಳ್ಳುತ್ತದೆ. ಗ್ರಾಫೈಟ್ ಹಾಳೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವು ವಿದ್ಯುತ್ತನ್ನೂ ಹರಿಸುತ್ತವೆ, ಬಿಡಿಭಾಗಗಳು ಕಿಕ್ಕಿರಿದ ಜಾಗದಲ್ಲಿ ಅಂಚು ಸರಿದರೆ ಶಾರ್ಟ್ ಆದೀತು.

ಬಿಚ್ಚುವ ಮೊದಲು ಕಾರ್ಡನ್ನು ಸ್ವಲ್ಪ ಹೊತ್ತು ಕೆಲಸಕ್ಕೆ ಹಚ್ಚಿ ಬೆಚ್ಚಗಾಗಿಸಿದರೆ ಹಳೆಯ ಪೇಸ್ಟು ಸಡಿಲಾಗುತ್ತದೆ. ನಂತರ ವಿದ್ಯುತ್ ಸಂಪರ್ಕ ಕಿತ್ತು ಕಾರ್ಡನ್ನು ಹೊರತೆಗೆಯಬೇಕು. ಸ್ಕ್ರೂಗಳೆಲ್ಲ ಬಂದ ಮೇಲೂ ಹೀಟ್‌ಸಿಂಕ್ ಅಂಟಿಕೊಂಡಿದ್ದರೆ ಮೇಲಕ್ಕೆ ಎಳೆಯದೆ ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಚಬೇಕು, ಮತ್ತು ಫ್ಯಾನಿನ ವೈರು ಇನ್ನೂ ಬೋರ್ಡಿಗೆ ಸಿಕ್ಕಿಕೊಂಡಿರುತ್ತದೆ ಎಂಬುದು ನೆನಪಿರಬೇಕು. ಯಾವ ಪ್ಯಾಡ್ ಎಲ್ಲಿತ್ತು ಎಂಬುದರ ಫೋಟೊ ತೆಗೆದಿಟ್ಟುಕೊಂಡು, ಹಳೆಯ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು. ಹೊಸ ಪ್ಯಾಡ್‌ನ ಎರಡೂ ಮುಖಗಳಿಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಒಂದನ್ನು ಸುಲಿದು ಅಂಟಿಸಿ, ಪಾರದರ್ಶಕವಾದ ಇನ್ನೊಂದನ್ನು ಹಾಗೆಯೇ ಬಿಟ್ಟು ಮುಚ್ಚಿಬಿಡುವವರು ಕಡಿಮೆಯಿಲ್ಲ. ಮುಖ್ಯ ಚಿಪ್‌ನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬಂದರೆ ಒತ್ತಡ ಸಮನಾಗಿ ಬೀಳುತ್ತದೆ.

ಫಲಿತಾಂಶ ಅಳೆಯಲು ಮೊದಲಿನ ಅಂಕಿಗಳು ಕೈಯಲ್ಲಿರಬೇಕು. ಎಚ್‌ಡಬ್ಲ್ಯೂಇನ್ಫೊದಂಥ ತಂತ್ರಾಂಶದಲ್ಲಿ ಮೆಮೊರಿ, ಮುಖ್ಯ ಚಿಪ್, ಅತಿ ಬಿಸಿ ಬಿಂದು ಈ ಮೂರನ್ನೂ, ಅದೇ ಕೆಲಸ, ಅದೇ ಫ್ಯಾನ್ ವೇಗ, ಹೆಚ್ಚುಕಡಿಮೆ ಅದೇ ಕೋಣೆಯ ತಾಪಮಾನದಲ್ಲಿ ಹೋಲಿಸಬೇಕು. ಮೆಮೊರಿ ಇಳಿದು ಉಳಿದೆರಡು ಇದ್ದಲ್ಲೇ ಇದ್ದರೆ ದಪ್ಪ ಸರಿಯಾಗಿದೆ. ಮುಖ್ಯ ಚಿಪ್‌ಗೂ ಅದರ ಅತಿ ಬಿಸಿ ಬಿಂದುವಿಗೂ ನಡುವಿನ ಅಂತರ ಮೊದಲಿಗಿಂತ ಹಿಗ್ಗಿದ್ದರೆ ಹೀಟ್‌ಸಿಂಕ್ ಓರೆಯಾಗಿ ಕುಳಿತಿದೆ ಎಂದೇ ಅನುಮಾನಿಸಬೇಕು. ಒಂದಷ್ಟು ಬಾರಿ ಕಾದು ತಣಿದ ಮೇಲೆ ಹೊಸ ಪ್ಯಾಡ್ ಇನ್ನಷ್ಟು ಅಮುಕಿಕೊಂಡು ಕೂರುತ್ತದೆ. ಹಾಗಾಗಿ ನಾನು ಮೊದಲ ದಿನದ ಅಂಕಿಯನ್ನು ಬರೆದಿಟ್ಟುಕೊಂಡು, ವಾರ ಕಳೆದ ಮೇಲೆ ಇನ್ನೊಮ್ಮೆ ಅಳೆಯುತ್ತೇನೆ.