ಬೆನ್ನಿನ ನೀರಿನಲ್ಲಿ ಅಮೈಲಾಯ್ಡ್ ಕಡಿಮೆ ಇದ್ದರೆ ಖುಷಿಪಡಬೇಡಿ

ಹೋದ ತಿಂಗಳು ಒಬ್ಬರು ತಂದೆಯ ಬೆನ್ನಿನ ನೀರಿನ (ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರು) ರಿಪೋರ್ಟ್ ಹಿಡಿದು ಬಂದರು. ತಂದೆ ಊರಲ್ಲಿ ಮೇಷ್ಟ್ರಾಗಿದ್ದವರು. ಈಗ ತಿಂಡಿ ತಿಂದದ್ದು ಹತ್ತು ನಿಮಿಷಕ್ಕೆ ಮರೆತು ಮತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ‘ಅಮೈಲಾಯ್ಡ್ ಕಡಿಮೆ ಇದೆ ಡಾಕ್ಟ್ರೇ, ಅಲ್ಝೈಮರ್ ಅಲ್ಲ ಅಲ್ವಾ?’ ಅಂದರು ಮಗ. ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು.

ವಾರಕ್ಕೊಬ್ಬರಾದರೂ ಹೀಗೆ ಬರುತ್ತಾರೆ. ಸಕ್ಕರೆ, ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ ನೋಡಿ ಕಡಿಮೆ ಇದ್ದರೆ ಒಳ್ಳೇದು ಅಂತ ಮನಸ್ಸಿಗೆ ರೂಢಿಯಾಗಿದೆ. ಬೆನ್ನಿನ ನೀರಿನಲ್ಲಿ ಅಮೈಲಾಯ್ಡ್ ಬೀಟಾ 42 ಅನ್ನೋ ಪ್ರೋಟೀನಿನ ಲೆಕ್ಕ ಉಲ್ಟಾ. ಹಾಲು ಒಡೆದಾಗ ನೋಡಿದ್ದೀರಲ್ಲ, ಗಟ್ಟಿಯೆಲ್ಲ ಒಂದು ಕಡೆ ಸೇರಿಕೊಂಡು ಪಕ್ಕದಲ್ಲಿ ತೆಳುನೀರು ಉಳಿಯುತ್ತದೆ. ಈ ಪ್ರೋಟೀನೂ ಹಾಗೇ, ಮಿದುಳಿನಲ್ಲೇ ಗಡ್ಡೆಗಟ್ಟಿ ಕೂತರೆ ನೀರಿಗೆ ಇಳಿದು ಬರುವುದು ಕಡಿಮೆಯಾಗುತ್ತದೆ. ನಾವು ಸೊಂಟದ ಹತ್ತಿರ ಸೂಜಿ ಹಾಕಿ ತೆಗೆಯುವುದು ಆ ತೆಳುನೀರನ್ನ. ಅದರಲ್ಲಿ ಕಡಿಮೆ ಇದ್ದರೆ ಮಿದುಳಿನಲ್ಲಿ ಜಮೆಯಾಗಿದೆ ಅನ್ನೋ ಅನುಮಾನ ಬರಬೇಕು.

ಅನುಮಾನ ಅಷ್ಟೇ. ಕೆಲವರ ದೇಹದಲ್ಲಿ ಅಮೈಲಾಯ್ಡ್ ಹುಟ್ಟುವುದೇ ಕಮ್ಮಿ, ಅದಕ್ಕೇ 42 ಒಂದನ್ನೇ ನೋಡದೆ ಅದೇ ಪ್ರೋಟೀನಿನ ಇನ್ನೊಂದು ರೂಪವಾದ 40ರ ಜೊತೆ ಹೋಲಿಸಿ ಅನುಪಾತ ನೋಡುತ್ತೇವೆ. ಇನ್ನೊಂದು, ಈ ಪ್ರೋಟೀನ್ ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತದೆ, ಆಗ ಅಂಕಿ ಸುಳ್ಳಾಗಿ ಕಡಿಮೆ ಕಾಣುತ್ತದೆ. ಅದಕ್ಕೇ ಕಡಿಮೆ ಅಂಟುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಟ್ಯೂಬೇ ಬೇಕು. ಒಮ್ಮೆ ಬೇರೆ ಕಡೆಯಿಂದ ಒಬ್ಬ ಅಮ್ಮನ ಸ್ಯಾಂಪಲ್ ಗಾಜಿನ ಟ್ಯೂಬಿನಲ್ಲಿ ಬಂತು. ಸುಮ್ನೆ ಆ ಅಂಕಿ ನಂಬೋಕಾಗದೆ ಪಾಪ ಆ ಅಮ್ಮನನ್ನ ಮತ್ತೆ ಮಗ್ಗುಲು ಮಲಗಿಸಿ, ಮಂಡಿ ಮಡಿಸಿ ಬೆನ್ನು ಬಗ್ಗಿಸಿ ಸೂಜಿ ಹಾಕಬೇಕಾಯಿತು. ಇವತ್ತಿಗೂ ಅದು ನನಗೆ ಬೇಜಾರು.

ಟಾವ್ ಅನ್ನೋದು ನರಕೋಶದೊಳಗಿನ ಇನ್ನೊಂದು ಪ್ರೋಟೀನ್. ಅದು ಅಮೈಲಾಯ್ಡ್‌ಗೆ ಎದುರು, ಏರಿದರೆ ಚಿಂತೆ. ಅಲ್ಝೈಮರ್‌ಗೆ ಹತ್ತಿರದ ಗುರುತು ಅಂದರೆ ಫಾಸ್ಫೇಟ್ ಅಂಟಿಕೊಂಡ ಟಾವ್, ಅದೇ ಫಾಸ್ಫೋ ಟಾವ್. ಒಟ್ಟು ಟಾವ್ ವಿಪರೀತ ಏರಿ, ಫಾಸ್ಫೋ ಟಾವ್ ಅಷ್ಟಾಗಿ ಏರದೆ, ವಾರಗಳಲ್ಲೇ ಮನುಷ್ಯ ಕುಸಿಯುತ್ತಿದ್ದರೆ ನಾವು ಕ್ರೂಟ್ಸ್‌ಫೆಲ್ಟ್–ಯಾಕೋಬ್ ಅನ್ನೋ, ಮಿದುಳನ್ನು ಬೇಗ ಹಾಳುಮಾಡುವ ಅಪರೂಪದ ಕಾಯಿಲೆ ಕಡೆ ಯೋಚಿಸುತ್ತೇವೆ. ನರತಂತುವಿನೊಳಗಿನ ಪ್ರೋಟೀನ್ ಆದ ನ್ಯೂರೋಫಿಲಮೆಂಟ್ ಜಾಸ್ತಿ ಇದ್ದರೆ ನರಕ್ಕೆ ಪೆಟ್ಟಾಗಿದೆ ಅಂತ ಗೊತ್ತಾಗುತ್ತದೆ, ಯಾವ ಕಾಯಿಲೆ ಅಂತಲ್ಲ. ವಯಸ್ಸಾದಂತೆ ಅದು ತಾನಾಗಿಯೂ ಏರುತ್ತದೆ.

ಮರೆವು ಇಲ್ಲದ ಎಷ್ಟೋ ಹಿರಿಯರಲ್ಲೂ ಅಮೈಲಾಯ್ಡ್ ಜಮೆಯಾಗಿರುತ್ತದೆ. ಅದಕ್ಕೇ ಮೊದಲು ಬಿ12, ಥೈರಾಯ್ಡ್ ನೋಡಿ, ಸ್ಕ್ಯಾನ್ ನೋಡಿ, ಮನೆಯವರ ಮಾತು ಪೂರ್ತಿ ಕೇಳಿ ಅನ್ನೋದು. ದಯವಿಟ್ಟು ರಿಪೋರ್ಟಿನ ಮೇಲೆ-ಕೆಳಗೆ ಬಾಣದ ಗುರುತು ನೋಡಿ ನೀವೇ ತೀರ್ಮಾನ ಮಾಡಬೇಡಿ.

ಮೇಷ್ಟ್ರ ಸ್ಯಾಂಪಲ್ ಸರಿಯಾದ ಟ್ಯೂಬಿನಲ್ಲೇ ಹೋಗಿತ್ತು. ಅನುಪಾತವೂ ಕಡಿಮೆ, ಫಾಸ್ಫೋ ಟಾವ್ ಜಾಸ್ತಿ. ಎರಡು ವರ್ಷದ ಮರೆವಿನ ಕಥೆಗೂ ಅದು ಕೂಡಿಬರುತ್ತಿತ್ತು. ಮೆಲ್ಲಗೆ ಹೇಳಿದೆ. ಮಗ ಸ್ವಲ್ಪ ಹೊತ್ತು ರಿಪೋರ್ಟನ್ನೇ ನೋಡುತ್ತಾ ಕೂತರು. ಆಮೇಲೆ, ‘ಅಕ್ಕನಿಗೆ ಈಗ ಏನಂತ ಹೇಳಲಿ?’ ಅಂದರು. ಫೋನ್ ಹಚ್ಚಿ ನನ್ನ ಕೈಗೇ ಕೊಡಿ ಅಂದೆ.